ಗುರುತಿಲ್ಲದವರಿಗೆ ಓಬಳೇಶಪ್ಪನವರ ಪ್ರಾರ್ಥನೆ

ಬೆಳಕು ಹರಿಯುವ ಮೊದಲೇ ಓಬಳೇಶಪ್ಪನವರ ಹಾರೆ ಕಲ್ಲಿಗೆ ಬಡಿಯುತ್ತಿದೆ. ಕೂಡ್ಲಿಗಿ ಹೊರಗಿನ ಸ್ಮಶಾನದ ಮೂಲೆ. ಮೇಲೆ ಒಂದು ಮೊಳ ಮಣ್ಣು, ಕೆಳಗೆ ಬರೀ ಗರಸು. ಆಚೆ ಹೆದ್ದಾರಿಯಲ್ಲಿ ಲಾರಿಗಳು ನಿಲ್ಲದೆ ಓಡುತ್ತಿವೆ. ಅಂಥದೇ ಒಂದು ಲಾರಿ ಯಾರಿಗೋ ಗುದ್ದಿ ಹೋಗಿದೆ. ಸತ್ತವನ ಜೇಬಿನಲ್ಲಿ ಬೀಡಿಕಟ್ಟು ಬಿಟ್ಟರೆ ಏನೂ ಇರಲಿಲ್ಲ. ಊರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಹುಡುಕಿಕೊಂಡು ಯಾರೂ ಬಂದಿಲ್ಲ. ಶವಾಗಾರದಲ್ಲಿ ಇಡುವಷ್ಟು ದಿನ ಇಟ್ಟು ಈಗ ಓಬಳೇಶಪ್ಪನವರಿಗೆ ಒಪ್ಪಿಸಿದ್ದಾರೆ.

ಇಂಥವರನ್ನು ಹೂಳುವುದು ಅವರ ಕೆಲಸ. ಕಾಯಂ ನೌಕರಿಯಲ್ಲ; ಪೊಲೀಸರು ಫೋನ್ ಮಾಡಿದಾಗ ಬರಬೇಕು. ತಂದೆಯೂ ಇದನ್ನೇ ಮಾಡಿದವರು. ಅವರ ಕಾಲದಲ್ಲೇ ಮನೆಮಂದಿ ಕ್ರೈಸ್ತರಾದರು, ಅಜ್ಜನ ಹೆಸರು ಮಾತ್ರ ಮೊಮ್ಮಗನಿಗೆ ಉಳಿಯಿತು. ಭಾನುವಾರ ತಗಡಿನ ಪ್ರಾರ್ಥನಾ ಮಂದಿರದ ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಅದೂ ಫೋನ್ ಬಾರದಿದ್ದರೆ. ಊರಿಗೆ ಇವರ ಕೈ ಬೇಕು. ಚಹಾದಂಗಡಿಯಲ್ಲಿ ಮಾತ್ರ ಇವರಿಗೆ ಕಾಗದದ ಲೋಟ, ಮಿಕ್ಕವರಿಗೆ ಗಾಜಿನದು.

ಗುಂಡಿ ಮುಚ್ಚಿದ ಮೇಲೆ ಓಬಳೇಶಪ್ಪ ತಲೆಯ ಬಳಿ ನಿಂತು ಪ್ರಾರ್ಥನೆ ಹೇಳುತ್ತಾರೆ. ಹೇಳೆಂದು ಯಾರೂ ಅವರಿಗೆ ಹೇಳಿಲ್ಲ. "ನಾಯಿ ಸತ್ರೂ ಅಯ್ಯೋ ಅಂತೀವಿ. ಮನುಷ್ಯಾನ್ನ ಸುಮ್ಮನ ಹೆಂಗ ಮುಚ್ಚಿ ಬರ್ಲಿರಿ?" ಎನ್ನುತ್ತಾರೆ. ಮೊದಲೆಲ್ಲ ಎರಡು ಜಾಲಿಕಡ್ಡಿ ಕಟ್ಟಿ ಶಿಲುಬೆಯನ್ನೂ ನೆಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅದರಿಂದಲೇ ಎಡವಟ್ಟಾಯಿತು. ಬಸ್ ನಿಲ್ದಾಣದಲ್ಲಿ ಕುಸಿದು ಸತ್ತವರೊಬ್ಬರನ್ನು ಹೂಳಿದ ಮೇಲೆ, ಅವರು ಹರಪನಹಳ್ಳಿ ಕಡೆಯ ಮೈಲಾರಲಿಂಗಪ್ಪ ಎಂದು ತಿಳಿಯಿತು. ಲಿಂಗಾಯತರು. ಅವರಲ್ಲಿ ಕೂರಿಸಿ ಹೂಳುತ್ತಾರೆ, ಕೈಯಲ್ಲಿ ಲಿಂಗವಿಡುತ್ತಾರೆ. ಓಬಳೇಶಪ್ಪ ಮಲಗಿಸಿ ಹೂಳಿದ್ದರು, ಮೇಲೆ ಶಿಲುಬೆ ಬೇರೆ. ಸತ್ತವರ ಅಣ್ಣ ಬಂದು ನೋಡಿ, ತಮ್ಮನನ್ನು ನಮ್ಮ ಪದ್ಧತಿಯಂತೆಯೇ ಹೂಳಬೇಕು ಎಂದರು. ಅನುಮತಿ ಸಿಕ್ಕ ಮೇಲೆ ಓಬಳೇಶಪ್ಪನವರೇ ಮತ್ತೆ ಅಗೆದರು, ಕೂರಿಸುವಷ್ಟು ಆಳ ಮಾಡಿಕೊಟ್ಟರು. ಜಂಗಮರು ಮಂತ್ರ ಹೇಳುವಾಗ ಟವೆಲ್ ಕೈಯಲ್ಲಿ ಹಿಡಿದು ದೂರ ನಿಂತರು.

"ಅದು ನಂದs ತಪ್ಪರಿ. ಅವರ ಮನಿ ಗುರುತಿನ ಮ್ಯಾಲ ನನ್ನ ಮನಿ ಗುರುತು ಹಾಕಿಬಿಟ್ಟೆ." ಈಗ ಅವರು ಕಲ್ಲೊಂದನ್ನಷ್ಟೇ ಇಡುತ್ತಾರೆ.

ಅಣ್ಣ ದೂರಲಿಲ್ಲ. ಜೊತೆಗೆ ಸೇರಿಕೊಂಡ ಹುಡುಗರು ಶಿಲುಬೆಯ ಫೋಟೊ ತೆಗೆದು, ಇವನು ಹೆಣಗಳನ್ನೂ ಮತಾಂತರ ಮಾಡುತ್ತಾನೆ ಎಂದು ದೂರು ಕೊಟ್ಟರು. ಮೈಲಾರಲಿಂಗಪ್ಪ ನಿಲ್ದಾಣದಲ್ಲಿ ಬಿದ್ದು ಒದ್ದಾಡುವಾಗ ಈ ಹುಡುಗರ ಫೋನುಗಳು ಎಲ್ಲಿದ್ದವು? ಒಂದು ಗುಟುಕು ನೀರು ಯಾರು ಕೊಟ್ಟರು? ಅದನ್ನು ಕೇಳುವವರಿಲ್ಲ. ಇನ್ನು ಪ್ರಾರ್ಥನೆ ಮಾಡಿದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಠಾಣೆಯ ಮೇಲಿನವರು ಮೊನ್ನೆ ಓಬಳೇಶಪ್ಪನವರಿಗೇ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದಾರೆ. ಆ ಮಾತಾದ ಮೇಲೆ ಇದು ಮೊದಲ ಗುಂಡಿ.

ಹೆಂಡತಿ ಹಂಪಮ್ಮನಿಗೆ ಮನೆ ನಡೆಯುವ ಚಿಂತೆ. ಬುತ್ತಿ ತಂದ ಅವರು ಇಲ್ಲೂ ಆ ಮಾತು ಬಿಡುವುದಿಲ್ಲ. "ಮನಸಿನಾಗ ಹೇಳ್ಕೊಂಡ್ರ ದೇವ್ರಿಗೆ ಕೇಳಂಗಿಲ್ಲೇನು?"

"ದೇವ್ರಿಗೆ ಕೇಳತೈತಿ ಬಿಡು. ಈ ಸತ್ತಾವಗ ಕೇಳಬೇಕಲ್ಲ."

ಹಂಪಮ್ಮ ನಗುತ್ತಾರೆ, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಾರೆ.

ಬಿಸಿಲೇರಿದೆ. ಶವ ಇಳಿಸಿ ಮಣ್ಣು ಮುಚ್ಚಿಯಾಗಿದೆ. ಬೇಲಿಯ ಹತ್ತಿರ ಬೈಕ್ ನಿಲ್ಲಿಸಿ ಆ ಹುಡುಗರಲ್ಲಿ ಇಬ್ಬರು ಫೋನ್ ಹಿಡಿದಿದ್ದಾರೆ. ಜೊತೆಗಿದ್ದ ಪೊಲೀಸ್ ಪೇದೆ ಅವರನ್ನು ನೋಡಿ, ನಡಿ ಹೋಗೋಣ ಎಂದು ಅವಸರ ಮಾಡುತ್ತಾರೆ. ಓಬಳೇಶಪ್ಪ ಸಲಿಕೆ ಇಟ್ಟು ಬೇಲಿಯ ಕಡೆ ತಿರುಗುತ್ತಾರೆ.

"ಬರ್ರೆಪಾ ತಮ್ಮಾ. ನಿಮಗ ಗೊತ್ತಿದ್ದ ಮಂತ್ರ ನೀವs ಹೇಳ್ರಿ. ನಾನು ಸುಮ್ಮನ ನಿಂತ್ಕಂತೀನಿ."

ಯಾರೂ ಬರುವುದಿಲ್ಲ. ಒಬ್ಬ ಫೋನ್ ಇಳಿಸುತ್ತಾನೆ, ಇನ್ನೊಬ್ಬ ಇಳಿಸುವುದಿಲ್ಲ. ಓಬಳೇಶಪ್ಪ ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾರೆ.

"ಯಾರೂ ಇಲ್ಲಂದ್ರ ನಾನು ಅದೀನಪ್ಪಾ" ಎಂದು ಆ ಮಣ್ಣಿಗೆ ಹೇಳಿ, ಕಣ್ಣು ಮುಚ್ಚಿ, ಬೇಲಿಯವರೆಗೂ ಕೇಳುವಷ್ಟು ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡುತ್ತಾರೆ.