ಮೇಸ್ತ್ರಿಗೆ ಇನ್ನೊಂದು ಕೈ ಬೇಕಾಗಿದೆ

ಬೆಳಗಿನ ಆರಕ್ಕೆ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಬೀಳುವ ಚಳಿ ಎಂಥದೆಂದರೆ, ಬೀಡಿ ಹಚ್ಚಿದರೆ ಬೆಂಕಿಯೇ ಕಂಬಳಿ ಕೇಳುತ್ತದೆ. ಚಿನ್ನ ಸೋಸಿ ಉಳಿದ ಪುಡಿ ಸುರಿದ ಇಲ್ಲಿನ ಸೈನೈಡ್ ದಿಬ್ಬ ಹಿಮಾಲಯಕ್ಕಿಂತ ಒಂದು ಮೊಳ ಮಾತ್ರ ಗಿಡ್ಡ; ಅದನ್ನು ಹತ್ತಿ ಬರುವಷ್ಟರಲ್ಲಿ ಸೂರ್ಯನಿಗೂ ಏದುಸಿರು. ಆ ಹೊತ್ತಿಗೆ ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿನ ಓಣಿಯಲ್ಲಿ ಮುನಿರತ್ನಮ್ಮ ಬರುತ್ತಾರೆ. ಒಂದು ಕೈಯಲ್ಲಿ ಬಿಸಿನೀರಿನ ಬಕೆಟ್ಟು, ಇನ್ನೊಂದರಲ್ಲಿ ಅಲ್ಯೂಮಿನಿಯಂ ಪಾತ್ರೆ. ಹಿಂದೆ ಕೋಲಾರ ಜಿಲ್ಲೆಯ ಸಮಸ್ತ ನಾಯಿಗಳು. ಸಮಸ್ತ ಎಂದರೆ ನಾಲ್ಕೋ ಐದೋ ಇರಬಹುದು, ಆದರೆ ಅವು ಬಾಲ ಬೀಸುವ ರಭಸಕ್ಕೆ ಓಣಿಯ ಧೂಳೆಲ್ಲ ಎದ್ದು ಆಂಧ್ರದ ಗಡಿ ದಾಟುತ್ತದೆ.

ಐವತ್ತು ದಾಟಿದ ಮುನಿರತ್ನಮ್ಮನವರದು ಬಂಗಾರಪೇಟೆ ಕಡೆಯ ಹಳ್ಳಿ. ಮೊದಲ ಬಸ್ಸಿಗೆ ಬಂದು, ಹಾಸಿಗೆ ಹಿಡಿದ ಹಳೆಯ ಗಣಿ ಕಾರ್ಮಿಕರ ಮೈ ಒರೆಸಿ, ದುಪ್ಪಟಿ ಬದಲಿಸಿ, ಗಂಜಿ ಕುಡಿಸುವುದು ಅವರ ಕೂಲಿ ಕೆಲಸ. ಮನೆಯವರೆಲ್ಲಿ ಎಂದು ಕೇಳಬೇಡಿ. ಕತ್ತಲಿರುವಾಗಲೇ ಊರಿಗೆ ಊರೇ ರೈಲು ಹತ್ತಿರುತ್ತದೆ. ಬೆಂಗಳೂರಿನಲ್ಲಿ ಗೇಟು ಕಾಯಲು, ನೆಲ ಒರೆಸಲು, ಗಾರೆ ಹೊರಲು. ಆ ರೈಲಿಗೆ ಒಂದು ಇರುವೆ ಹತ್ತಬೇಕಾದರೆ ಇನ್ನೊಂದು ಇರುವೆ ಬಂಗಾರಪೇಟೆಯಲ್ಲಿ ಇಳಿಯಬೇಕು. ಹಗಲಿಡೀ ಲೈನಿನಲ್ಲಿ ಉಳಿಯುವವರು ಎರಡೇ ಬಗೆ: ಮಂಚದ ಮೇಲಿನವರು, ಮಂಚದ ಕೆಳಗಿನವರು.

ಮಂಚದ ಕೆಳಗಿನವರೆಂದರೆ ನಾಯಿ, ಬೆಕ್ಕು. ಒಂದು ಮನೆಯಲ್ಲಿ ಹುಂಜ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾದರೂ ಅದು ಮೂರು ಪಾಳಿಗೂ ತಪ್ಪದೆ ಕೂಗುತ್ತದೆ, ಓವರ್‌ಟೈಮ್ ಬೇರೆ.

“ಮನುಷ್ಯರನ್ನ ನೋಡ್ಕೊ ಅಂತ ಕರೀತಾರೆ ಸಾ. ಮಂಚದ ಕೆಳಗಿರೋದನ್ನ ಯಾರೂ ಏಳಲ್ಲ. ನಾನು ಬಗ್ಗಿ ಕಸ ಗುಡಿಸ್ವಾಗ ಅದು ನನ್ನೇ ನೋಡ್ತಾ ಇರ್ತದೆ” ಎನ್ನುತ್ತಾರೆ ಮುನಿರತ್ನಮ್ಮ. ಮುದುಕರು ಹೋದ ಮೇಲೆ ಈ ಜೀವಗಳು ಯಾರ ಕೈಗೆ? ಯಾರೂ ವಹಿಸದ, ಯಾರೂ ಕೂಲಿ ಕೊಡದ ಈ ಕೆಲಸವನ್ನು ಅವರು ತಾವೇ ಹಚ್ಚಿಕೊಂಡಿದ್ದಾರೆ. ಸದ್ಯಕ್ಕೆ ಅವರ ತಲೆಯಲ್ಲಿರುವುದು ಒಂದೇ ಚಿಂತೆ: ಕೊನೆಯ ಮನೆಯ ಪೆರುಮಾಳ್ ಕಣ್ಣು ಮುಚ್ಚುವುದರೊಳಗೆ ಅವರ ನಾಯಿಗೆ ಇನ್ನೊಂದು ಮನೆ ಸಿಗಬೇಕು.

ಹಚ್ಚಿಕೊಂಡದ್ದಕ್ಕೆ ಕಾರಣ ಅಮ್ಮಾಜಮ್ಮನ ಬೆಕ್ಕು. ಪಕ್ಕದ ಲೈನಿನ ಅಮ್ಮಾಜಮ್ಮ ತೀರಿಕೊಂಡಾಗ ನೆಂಟರು ಬಂದರು, ಮಣ್ಣು ಮಾಡಿದರು, ಮನೆಗೆ ಬೀಗ ಹಾಕಿ ಹೋದರು. ಒಳಗೆ ಬೆಕ್ಕು ಇರುವುದು ಯಾರಿಗೂ ಹೊಳೆಯಲಿಲ್ಲ. ಪಕ್ಕದ ಮನೆಗೆ ಸದ್ದೇನೋ ಕೇಳುತ್ತಿತ್ತು, ಇಲಿ ಅಂದುಕೊಂಡರು. ತಿಥಿಗೆ ಮನೆ ತೊಳೆಯಲೆಂದು ಬೀಗ ತೆಗೆದವರು ಮುನಿರತ್ನಮ್ಮ. ಆ ಕತೆಯನ್ನು ಅವರು ಪೂರ್ತಿ ಹೇಳುವುದಿಲ್ಲ. “ಬಾಗ್ಲು ಒಳಗಡೆಯಿಂದ ಎಲ್ಲಾ ಕೆರೆದಿತ್ತು ಸಾ” ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಳ್ಳುತ್ತಾರೆ.

ಅಂದಿನಿಂದ ಅವರದೇ ಒಂದು ಪದ್ಧತಿ. ಅದಕ್ಕೆ ‘ಕೈ ದಾಟಿಸೋದು’ ಎಂದು ಹೆಸರು. ಯಜಮಾನರು ಬದುಕಿರುವಾಗಲೇ ಹೊಸಬರನ್ನು ಕರೆತಂದು ಕೂರಿಸಬೇಕು. ರಾಗಿ ಮುದ್ದೆಗೆ ಕೋಳಿ ಅಂಗಡಿಯ ಚೂರುಪಾರು ಬೇಯಿಸಿದ ನೀರು ಕಲಸಿ, ಒಂದೇ ತಟ್ಟೆಯಲ್ಲಿ ಹಳೆಯ ಕೈ, ಹೊಸ ಕೈ ಎರಡೂ ಇಟ್ಟು ತಿನ್ನಿಸಬೇಕು. ನಾಯಿ ಒಗ್ಗಿದ ಮೇಲೆ ಹಳೆಯ ಕೈ ಹಿಂದಕ್ಕೆ. ಆಮೇಲೆ ಯಜಮಾನರ ಒಗೆಯದ ಲುಂಗಿಯೋ ಸೀರೆಯೋ ನಾಯಿಯ ಜೊತೆ ಹೋಗಬೇಕು, ತಟ್ಟೆ ಹೋಗಬೇಕು. ಕಟ್ಟಕಡೆಗೆ ಹೆಸರು. ದಾಟಿದ ದಿನದಿಂದ ಹಳೆಯ ಯಜಮಾನರು ಆ ಹೆಸರನ್ನು ಬಾಯಲ್ಲಿ ತರಕೂಡದು, ನಿದ್ದೆಗಣ್ಣಿನಲ್ಲೂ.

“ಎಸ್ರು ಒಬ್ರ ಬಾಯಲ್ಲೇ ಇರ್ಬೇಕು ಸಾ. ಎರಡು ಕಡೆಯಿಂದ ಕೂಗಿದ್ರೆ ಅದು ನಡುರಸ್ತೇಲಿ ನಿಂತ್ಕೊಂತದೆ. ಲಾರಿ ಬತ್ತದೆ.”

ಇದುವರೆಗೆ ಎಷ್ಟು ದಾಟಿಸಿದ್ದೀರಿ ಎಂದು ಕೇಳಿದೆ. ನಾನಾಗಿದ್ದರೆ ಹತ್ತು ಸಾವಿರ ಎಂದು ಶುರುಮಾಡಿ ಮೇಲಕ್ಕೆ ಹೋಗುತ್ತಿದ್ದೆ. ಅವರು ಲೆಕ್ಕ ಹೇಳಲಿಲ್ಲ. “ದಾಟಿಸಿದ್ದು ಸುಮಾರೈತೆ. ನಿಂತಿರೋದು ಕಮ್ಮಿ” ಎಂದರು. ಕೆಲವು ಹೋದ ಮನೆಯಲ್ಲಿ ಉಣ್ಣದೆ ಸತ್ತವು. ಕೆಲವನ್ನು ಕರೆದೊಯ್ದವರೇ ಹಬ್ಬ ಕಳೆದ ಮೇಲೆ ಬೇತಮಂಗಲದ ಕೆರೆ ಏರಿಯ ಮೇಲೆ ಇಳಿಸಿ ಬಂದರು. ಅಲ್ಲಿಂದ ಎತ್ತಿ ತಂದ ಕುಂಟು ನಾಯಿ ಈಗ ಅವರ ಅಂಗಳದಲ್ಲೇ ಇದೆ.

ಇನ್ನು ಪೆರುಮಾಳ್. ಎಪ್ಪತ್ತಾರು ದಾಟಿದವರು, ಮದುವೆಯಾಗದವರು, ಮೂವತ್ತು ವರ್ಷ ಭೂಮಿಯ ಹೊಟ್ಟೆಯಲ್ಲಿ ಕಲ್ಲು ಕೊರೆದವರು. ಇನ್ನೊಂದು ಗೇಣು ಕೊರೆದಿದ್ದರೆ ಅಮೆರಿಕದಲ್ಲಿ ಯಾರದೋ ಅಡುಗೆಮನೆಗೆ ಏಳುತ್ತಿದ್ದರು. ಆ ಕಲ್ಲಿನ ಧೂಳೆಲ್ಲ ಈಗ ಎದೆಯಲ್ಲಿ ಗಟ್ಟಿಯಾಗಿ ಕೂತಿದೆ. ಆಸ್ಪತ್ರೆಯವರು ಇನ್ನು ಹೆಚ್ಚು ದಿನವಿಲ್ಲ ಎಂದು ಮನೆಗೆ ಕಳಿಸಿದ್ದಾರೆ. ನಾಲಿಗೆಗೆ ಮಾತ್ರ ಧೂಳು ಹಿಡಿದಿಲ್ಲ.

“ಏನಮ್ಮಾ ರತ್ನ, ನೀರು ತಂದಿದ್ದೀಯಾ, ಇಲ್ಲ ನೆನ್ನೆ ತರ ಬರೀ ಹೊಗೇನಾ?”

“ಸುಮ್ನೆ ಆ ಕಡೆ ತಿರುಗಣ್ಣ. ಬೆನ್ನು ಉಣ್ಣಾದ್ರೆ ಆಮೇಲೆ ನನ್ನೇ ಬೈತೀಯ.”

ನನ್ನನ್ನು ಕಂಡವರೇ, “ಪೇಪರ್ನೋರಾ? ಗಣಿ ಮುಚ್ಚಿದಾಗ ಒಬ್ರು ಬಂದಿದ್ರು. ಈಗ ನಾಯಿಗೆ ಅಂತ ನೀವು ಬಂದಿದ್ದೀರಿ. ನಡುವೆ ನಾನೂ ಇಲ್ಲೇ ಇದ್ದೆ, ಸಾರ್” ಎಂದರು.

ನಾಯಿಯ ಹೆಸರು ಮೇಸ್ತ್ರಿ. ಮಣ್ಣಿನ ಬಣ್ಣ, ಒಂದೇ ಕಿವಿ ಪೂರ್ತಿ. ಇನ್ನೊಂದನ್ನು ಅದು ಹುಲಿಯ ಜೊತೆ ಜಗಳದಲ್ಲಿ ಕಳೆದುಕೊಂಡಿತೆಂದು ನನ್ನ ನಂಬಿಕೆ. ಮಟನ್ ಅಂಗಡಿಯ ಮುಂದಿನ ಜಗಳವೆಂದು ಮುನಿರತ್ನಮ್ಮ ವಾದಿಸುತ್ತಾರೆ. “ಕೆಳಗಡೆ ಮೂವತ್ತು ವರ್ಷ ಮೇಸ್ತ್ರಿ ನನ್ನ ಬೈದ. ಈಗ ದಿನಾ ಮೇಸ್ತ್ರೀನ ನಾನು ಬೈತೀನಿ. ನನ್ನ ಪೆನ್ಷನ್ ಇದೇ” ಎಂದು ಪೆರುಮಾಳ್ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಮೇಸ್ತ್ರಿ ಎದ್ದು ನಿಂತೇ ಇತ್ತು.

ಮೇಸ್ತ್ರಿಯನ್ನು ಮುನಿರತ್ನಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ? ಪ್ರಯತ್ನಿಸಿ ನೋಡಿದ್ದಾರೆ. ಮೊದಲ ದಿನವೇ ಅದು ಕುಂಟು ನಾಯಿಯ ಕುತ್ತಿಗೆಗೆ ಬಾಯಿ ಹಾಕಿತು. ಬಿಡಿಸಲು ಹೋದ ಮುನಿರತ್ನಮ್ಮನವರ ಮುಂಗೈಯಲ್ಲಿ ಇನ್ನೂ ಹೊಲಿಗೆಯ ಗುರುತಿದೆ. “ಅದಕ್ಕೆ ಮನೇಲಿ ಒಬ್ರೇ ಬೇಕು, ಇನ್ನೊಂದು ನಾಯಿ ಇರ್ಬಾರ್ದು. ಅಭ್ಯಾಸ, ಏನ್ಮಾಡಾದು.” ಲೈನಿನವರು ರೈಲಿನಲ್ಲಿರುತ್ತಾರೆ. ಬಂಗಾರಪೇಟೆಯಲ್ಲಿ ದೊಡ್ಡ ಮನೆಯೊಂದಕ್ಕೆ ನಾಯಿ ಬೇಕಂತೆ ಎಂದು ಕೇಳಿ ಹೋದರು. “ಯಾವ ಜಾತಿ ಅಂದ್ರು. ನಾಯೀದು ಕೇಳ್ತಾವ್ರೋ ನಂದು ಕೇಳ್ತಾವ್ರೋ ಗೊತ್ತಾಗ್ಲಿಲ್ಲ ಸಾ. ಎರಡೂ ಏಳ್ದೆ. ಬಾಗ್ಲಾಕ್ಕೊಂಡ್ರು.”

ಕೊನೆಗೆ ಸಿಕ್ಕಿದವರು ಕ್ಯಾಸಂಬಳ್ಳಿ ಕಡೆಯ ಚಿಕ್ಕವೆಂಕಟಮ್ಮ. ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ಬೀದಿನಾಯಿಗಳು ಅವರ ಕರುವನ್ನು ಕಚ್ಚಿ ಕೊಂದಿದ್ದವು. “ನಂಗೆ ನಾಯಿ ಮೇಲೆ ಪ್ರೀತಿ ಗೀತಿ ಏನೂ ಇಲ್ಲ ಕಣಮ್ಮ. ಕರು ಕಾಯ್ಬೇಕು, ಮುದ್ದೆ ಆಕ್ತೀನಿ, ಅಷ್ಟೇ” ಎಂದು ಮೊದಲೇ ಹೇಳಿದರಂತೆ. ಮುನಿರತ್ನಮ್ಮನವರಿಗೆ ಆ ಮಾತೇ ಹಿಡಿಸಿತು. ಪ್ರೀತಿ ಮಾಡುವವರು ವಾರದೊಳಗೆ ವಾಪಸು ತಂದುಬಿಡುತ್ತಾರೆ ಎಂಬುದು ಅವರ ಅನುಭವ.

ಹಾಲು ಹಾಕಿ ಬಸ್ಸು ಹಿಡಿದು ಚಿಕ್ಕವೆಂಕಟಮ್ಮ ದಿನಾ ಬಂದರು. ಒಂದೇ ತಟ್ಟೆಯಲ್ಲಿ ಎರಡು ಕೈ. “ನಿನ್ನ ಕೈ ಏನಮ್ಮಾ ಹಿಂಗೆ ತಣ್ಣಗೆ?” ಎಂದರು ಪೆರುಮಾಳ್. “ಹಾಲು ಕರೆಯೋ ಕೈ ಅಣ್ಣ. ಬೆಳಗ್ಗೆ ಎದ್ರೆ ನೀರಲ್ಲೇ ಇರ್ತದೆ.” ಪೆರುಮಾಳ್ ತಮ್ಮ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡರು. ಮೇಸ್ತ್ರಿ ತಲೆ ಎತ್ತಿ ನೋಡಿತು, ಮತ್ತೆ ತಿಂದಿತು.

ದಾಟಿಸಿದ ದಿನ ಗೂಡ್ಸ್ ಆಟೋ ಬಂತು. ಲುಂಗಿ, ತಟ್ಟೆ, ಹಗ್ಗ. ಪೆರುಮಾಳ್ ಪದ್ಧತಿಯಂತೆ ಗೋಡೆಯ ಕಡೆ ತಿರುಗಿ ಮಲಗಿದರು. ಆಟೋದ ಸದ್ದು ಅಡಗಿದ ಮೇಲೆ, “ಹೋಯ್ತಾ?” ಎಂದರು. ಯಾವುದು ಎಂದು ಮುನಿರತ್ನಮ್ಮ ಬೇಕೆಂದೇ ಕೇಳಿದರು. ಪೆರುಮಾಳ್ ಬಾಯಿ ತೆರೆದು, ಮುಚ್ಚಿ, “ಆಟೋ” ಎಂದರು.

ವಾರ ಕಳೆಯಿತು. ಮೇಸ್ತ್ರಿ ಉಂಡಿತು, ಕರುವಿನ ಪಕ್ಕ ಮಲಗಿತು. ಇನ್ನೇನು ಗೆದ್ದೆವು ಎಂದು ನಾನು ಲೇಖನದ ತಲೆಬರಹವನ್ನೂ ಯೋಚಿಸಿದ್ದೆ. ಜಗತ್ತಿನ ಇತಿಹಾಸದಲ್ಲೇ ಮೊದಲು ಎಂಬ ಅರ್ಥದ್ದು. ಆ ಬೆಳಿಗ್ಗೆ ಪೆರುಮಾಳ್ ಅವರ ಮೈ ಒರೆಸುತ್ತಿದ್ದಾಗ ಚಿಕ್ಕವೆಂಕಟಮ್ಮನ ಫೋನು ಬಂತು. ಕೈ ಒದ್ದೆಯಾಗಿತ್ತು. ಅಣ್ಣನೂ ಕೇಳಿಸಿಕೊಳ್ಳಲಿ ಎಂದು ಮುನಿರತ್ನಮ್ಮ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟರು.

“ನಿನ್ನ ನಾಯಿ ಕರೂನ ನೆಕ್ತಾ ಐತೆ ಕಣಮ್ಮ. ಕೊಟ್ಟಿಗೆ ಬಾಗ್ಲು ಬಿಟ್ಟು ಅಲ್ಲಾಡಲ್ಲ.”

ಪೆರುಮಾಳ್ ಮುಖದಲ್ಲಿ ಎಂಥದೋ ಬೆಳಕು. ಹೆಸರು ಜಾರೀತೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಒಂದು ಅಕ್ಷರವೂ ಹೊರಬೀಳಲಿಲ್ಲ. ಕೆಮ್ಮು ಬಂತು.

ಈ ಲೈನಿನಲ್ಲಿ ಕೆಮ್ಮು ಯಾರ ಕಿವಿಗೂ ಬೀಳುವುದಿಲ್ಲ. ಗೋಡೆಯಾಚೆ ಒಬ್ಬರು ಕೆಮ್ಮುತ್ತಾರೆ, ಎದುರುಮನೆಯಲ್ಲಿ ಇನ್ನೊಬ್ಬರು. ಅದು ಇಲ್ಲಿನ ಗಾಳಿಯ ಸದ್ದು. ಆದರೆ ಫೋನಿನಾಚೆ, ಕ್ಯಾಸಂಬಳ್ಳಿಯ ಕೊಟ್ಟಿಗೆಯಲ್ಲಿ ಮೇಸ್ತ್ರಿ ಒಮ್ಮೆ ಬೊಗಳಿತು. ಆಮೇಲೆ ಬೊಗಳಲಿಲ್ಲ, ಕೂಗಿತು. “ಇದೇನಮ್ಮ, ಅಗ್ಗ ಕಿತ್ಕೊಂತಾ ಐತೆ” ಎಂಬ ದನಿಯ ಹಿಂದೆಯೇ ಬಕೆಟ್ಟು ಉರುಳಿದ ಸದ್ದಾಗಿ ಫೋನು ನಿಂತಿತು.

ಮುನಿರತ್ನಮ್ಮ ಒದ್ದೆ ಬಟ್ಟೆ ಹಿಡಿದು ಹಾಗೇ ಕೂತರು. “ಲುಂಗಿ ದಾಟಿಸ್ದೆ, ತಟ್ಟೆ ದಾಟಿಸ್ದೆ, ಎಸ್ರು ದಾಟಿಸ್ದೆ. ಕೆಮ್ಮು ನೆನಪಾಗ್ಲಿಲ್ಲ ಸಾ. ಇಲ್ಲಿ ಯಾರ್ಗೆ ನೆನಪಾಗ್ತದೆ.”

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಾಗಿಲ ಮುಂದಿತ್ತು. ಬಸ್ಸಿನಲ್ಲಿ ಕೂತು ಬಂದರೂ ಸೊಂಟ ಕಳಚುವ ದಾರಿಯನ್ನು ಅದು ನಡೆದು ಬಂದಿತ್ತು. ಪಾದಗಳಲ್ಲಿ ರಕ್ತ, ಕುತ್ತಿಗೆಯಲ್ಲಿ ತುಂಡು ಹಗ್ಗ. ಮುನಿರತ್ನಮ್ಮ ಬಾಗಿಲು ತೆರೆಯಲಿಲ್ಲ. ಈಗ ತೆರೆದರೆ ಮತ್ತೆಂದೂ ದಾಟುವುದಿಲ್ಲ ಎಂದು ಅವರಿಗೆ ಗೊತ್ತು. ಚಿಕ್ಕವೆಂಕಟಮ್ಮನಿಗೆ ಫೋನು ಮಾಡಿ, ಹಿಂಬಾಗಿಲಿನಿಂದ ಒಳಗೆ ಹೋಗಿ, “ಅಣ್ಣ, ಆಯಮ್ಮ ಬರೋವರೆಗೂ ಸದ್ದು ಮಾಡ್ಬೇಡ” ಎಂದರು. ಪೆರುಮಾಳ್ ತಲೆಯಾಡಿಸಿ ಟವೆಲ್ಲು ಕೇಳಿದರು. ಅದನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡರು.

ಹೊರಗೆ ಮೇಸ್ತ್ರಿ ಬೊಗಳಲಿಲ್ಲ, ಬಾಗಿಲು ಕೆರೆಯಲಿಲ್ಲ. ತನ್ನ ಪೂರ್ತಿ ಕಿವಿಯನ್ನು ಬಾಗಿಲ ತಗಡಿಗೆ ಹಚ್ಚಿ ನಿಂತಿತ್ತು. ಒಳಗೆ ಪೆರುಮಾಳ್ ಅವರ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಕಣ್ಣು ಕೆಂಪಾಗಿ ನೀರು ಕಿವಿಯವರೆಗೆ ಹರಿಯುತ್ತಿತ್ತು. ಬಸ್ಸು ಬರುವವರೆಗೂ ಹಿಡಿದರೇನೋ ಅನ್ನುವಾಗ, ಟವೆಲ್ಲಿನ ಒಳಗಿನಿಂದಲೇ ಸಣ್ಣದೊಂದು ಕೆಮ್ಮು ಹೊರಬಿತ್ತು. ಮಗುವಿನ ಬಿಕ್ಕಳಿಕೆಗಿಂತ ದೊಡ್ಡದಲ್ಲ. ತಗಡಿನ ಬಾಗಿಲಿಗೆ ಬಾಲ ಬಡಿಯತೊಡಗಿತು.

ಚಿಕ್ಕವೆಂಕಟಮ್ಮ ಬಸ್ಸಿಳಿದು ಬಂದು ನೋಡಿದರು. ತುಂಡು ಹಗ್ಗವನ್ನು ಮುಟ್ಟಲಿಲ್ಲ. “ನನ್ಮೇಲೆ ಬೇಜಾರು ಮಾಡ್ಕೊಬೇಡಮ್ಮ. ಇದು ನಮ್ಮನೆಗೆ ಬಂದೇ ಇರ್ಲಿಲ್ಲ. ನಾನು ಬರೀ ಅಗ್ಗ ಇಡ್ಕೊಂಡೋಗಿದ್ದೆ” ಎಂದು ಹೇಳಿ, ಹಸುಗಳ ಮೇವಿಗೆ ಹೊತ್ತಾಗುತ್ತದೆಂದು ಅದೇ ಬಸ್ಸಿಗೆ ಹೊರಟರು.

ಮುನಿರತ್ನಮ್ಮ ಬಾಗಿಲು ತೆಗೆದರು. “ಬಾರೋ ಮೇಸ್ತ್ರಿ. ಯಾರನ್ನ ಕೇಳಿ ರಜಾ ಹಾಕಿದ್ದೆ?” ಎಂದರು ಪೆರುಮಾಳ್. ಬೈಗುಳ ಅಲ್ಲಿಗೇ ಮುಗಿಯಿತು, ಉಸಿರಿರಲಿಲ್ಲ.

ಇದಾಗಿ ಕೆಲವು ವಾರಗಳೇ ಆದವು. ಹೊಸ ಕೈ ಯಾವುದೂ ಸಿಕ್ಕಿಲ್ಲ. ಬೇತಮಂಗಲ, ಬಂಗಾರಪೇಟೆ, ನಡುವಿನ ಹಳ್ಳಿಗಳು, ಎಲ್ಲ ಕಡೆ ಮುನಿರತ್ನಮ್ಮ ಕೇಳಿ ಮುಗಿಸಿದ್ದಾರೆ. ಪೆರುಮಾಳ್ ಈಗ ಮಾತು ಕಡಿಮೆ ಮಾಡಿದ್ದಾರೆ, ಗಂಜಿಯನ್ನೂ. ಮೇಸ್ತ್ರಿ ಮಂಚದ ಕೆಳಗೆ ಮಲಗುವುದನ್ನು ಬಿಟ್ಟು ಮೇಲಕ್ಕೇ ಬಂದಿದೆ. ನಮ್ಮ ಪತ್ರಿಕೆಗೆ ಲಕ್ಷಗಟ್ಟಲೆ ಓದುಗರು, ಇದು ಅಚ್ಚಾದರೆ ನಾಳೆ ಬೆಳಿಗ್ಗೆ ನಿಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ. ಮುನಿರತ್ನಮ್ಮ ಬಟ್ಟೆ ಹಿಂಡುತ್ತಿದ್ದರು.

“ಬರ್ತಾರೆ ಸಾ, ಒಳ್ಳೆ ಜನ ಇದ್ದೇ ಇರ್ತಾರೆ. ಅವರ್ಗೆ ಈ ಕೆಮ್ಮು ಎಲ್ಲಿಂದ ಬತ್ತದೆ?”

ಹಾಗಾದರೆ ಏನು ಮಾಡುವುದೆಂದು ಕೇಳಿದೆ. ಅವರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು.

“ನಂದೊಂದೇ ಆಸೆ. ಪೆರುಮಾಳಣ್ಣನಿಗಿಂತ ಒಂದಿನ ಮುಂಚೆ ಮೇಸ್ತ್ರಿ ಓಗ್ಬಿಡ್ಲಿ. ಆ ಒಂದಿನ ಅಣ್ಣನ್ನ ನಾನು ನೋಡ್ಕೊಂತೀನಿ.”