ಮೊದಲ ಸಾಲಿನ ಶ್ರೀ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದಕ್ಕೆ ವೆಬ್ ಪುಟ ಮಾಡಿಕೊಟ್ಟಿದ್ದೆ. ಪುಟದೊಳಗೇ ಎಕ್ಸೆಲ್ ಥರದ ಹಾಳೆ. ರೈತರ ಹೆಸರು, ಚೀಲಗಳ ಲೆಕ್ಕ ತುಂಬಿದರೆ ನಾನು ಬರೆದ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ರಸೀದಿ ತೆಗೆಯುತ್ತೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಅಲ್ಲಿ ದಿನಾ ಬೆಳಿಗ್ಗೆ ಕೈಕೊಡುತ್ತಿತ್ತು. ಹೋಗಿ ಮಂಡಿ ಯಜಮಾನರ ಪಕ್ಕದಲ್ಲೇ ಕೂತೆ. ಅವರು ಕೈಮುಗಿದು ಮೊದಲ ಸಾಲಲ್ಲಿ ‘ಶ್ರೀ’ ಎಂದು ಟೈಪ್ ಮಾಡಿದರು. ಸ್ಕ್ರಿಪ್ಟ್ ಅದನ್ನೂ ರೈತನೆಂದುಕೊಂಡು, ಚೀಲ ಕಾಣದೆ ನಿಂತುಬಿಟ್ಟಿತು.

“ಅಲ್ಲಿ ಬರೀಬೇಡಿ ಯಜಮಾನ್ರೇ.”

“ಶ್ರೀ ಇಲ್ದೆ ಲೆಕ್ಕ ಶುರು ಮಾಡೋದಾ? ಏನಮ್ಮಾ ನೀವು!”

ವಾದ ಮಾಡಲಿಲ್ಲ. ಶ್ರೀಯನ್ನು ಸ್ಕ್ರಿಪ್ಟೇ ಬರೆದು, ಕೆಳಗಿನ ಸಾಲಿಂದ ಓದುವಂತೆ ಮಾಡಿದೆ. ಯಜಮಾನರು ಖುಷಿಯಾಗಿ ಕಾಫಿ ತರಿಸಿದರು.

ಅದೇ ಹಾಳೆ ಈಗ ರೈತರ ಬದಲು ಅತಿಥಿಗಳ ಹೆಸರಿನೊಂದಿಗೆ ಹಳೇಬೀಡಿನ ಲಾಡ್ಜೊಂದರಲ್ಲೂ ಓಡುತ್ತಿದೆ. “ಮೇಲಿನ ಶ್ರೀ ತೆಗೆದ್ರೆ ನಡೆಯಲ್ವಾ?” ಎಂದರು ಮ್ಯಾನೇಜರು.

“ತೆಗೆದ್ರೆ ಸ್ಕ್ರಿಪ್ಟ್ ನಿಂತುಬಿಡುತ್ತೋ ಏನೋ ಗೊತ್ತಿಲ್ಲ ಸಾರ್, ತೆಗೆದು ನೋಡೋಕೆ ನನಗೇ ಧೈರ್ಯ ಇಲ್ಲ” ಎಂದೆ.