ಹ್ಯಾಟು ಹಾಕಿಕೊಂಡು ಬಂದ ಸ್ಟೇಷನ್ ಮಾಸ್ತರ್

ಎಲ್ಲಿಗೆ ನಿಲ್ಲಿಸಿದ್ದೆ ಮಗಾ? ಹಾಂ, ಓರ್ಫಾಳ ಆಲೂಗಡ್ಡೆ. ಬರೆದುಕೊ.

ಇಂಜಿನ್ನುಗಳಿಗೆ ನೀರು ಬೇಕಾಯಿತೆಂದೇ ನೆಬ್ರಾಸ್ಕಾದ ಈ ಬಯಲಲ್ಲಿ ಹುಟ್ಟಿದ ಊರು ನಮ್ಮ ಟಾಲ್ಬರ್ಟ್. ಮೊದಲು ನೀರಿನ ಟ್ಯಾಂಕು, ಆಮೇಲೆ ಸ್ಟೇಷನ್ನು. ಚರ್ಚು ಬಂದದ್ದು ಎಷ್ಟೋ ಕಾಲದ ಮೇಲೆ. ಪಕ್ಕದ ಮನೆಯ ಓರ್ಫಾಳ ಗಂಡ ಹಾಲ್ವರ್ ಇಂಜಿನ್ ಡ್ರೈವರ್. ಆಗ ಒಬ್ಬೊಬ್ಬ ಡ್ರೈವರನೂ ಇಂಜಿನ್ನಿನ ಸಿಳ್ಳೆ ಹಾಕುವ ರೀತಿಯೇ ಬೇರೆ. ಹಾಲ್ವರನದು ಕೊನೆಯಲ್ಲಿ ಕರುವಿನ ಕೂಗಿನಂತೆ ಎಳೆಯುತ್ತಿತ್ತು. ಹೊಳೆ ಸೇತುವೆಯ ಹತ್ತಿರ ಅದು ಕೇಳಿದೊಡನೆ ಓರ್ಫಾ ಆಲೂಗಡ್ಡೆ ಬೇಯಲು ಇಡುವಳು. ಅವನು ಬೂಟು ಕಳಚುವ ಹೊತ್ತಿಗೆ ಹದವಾಗಿ ಬೆಂದಿರುತ್ತಿತ್ತು. ನನ್ನದು ಮಾತ್ರ ಯಾವಾಗಲೂ ಕರಗಿ ಗಂಜಿ. ಅದು ಬಿಡು.

ಆ ಸಂಜೆ ಹಿಮ ಬೀಳುತ್ತಿತ್ತು. ಮೊಟ್ಟೆ ಕೇಳಲು ಹೋದವಳು ನಾನು ಅವಳ ಅಡುಗೆಮನೆಯಲ್ಲೇ ಕೂತಿದ್ದೆ. ಸಿಳ್ಳೆ ಕೇಳಿತು. ಮೊಂಡಾಗಿ, ಕತ್ತರಿಸಿದಂತೆ. ಓರ್ಫಾ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಳು.

"ಇಂಜಿನ್ ಅವ್ನದೇ. ಕೈ ಅವ್ನದಲ್ಲ" ಅಂದಳು.

"ಚಳೀಗೆ ಸಿಳ್ಳೆ ಕಟ್ಕೊಂಡಿರ್ಬೇಕು ಕಣೇ" ಅಂದೆ.

"ನಿನ್ ತಲೆ. ಸುಮ್ನಿರು."

ನಮ್ಮೂರಲ್ಲಿ ಹಳಿಯ ಮೇಲೆ ಯಾರಾದರೂ ಸತ್ತರೆ ಸುದ್ದಿ ಫೋನಿನಲ್ಲಿ ಬರುತ್ತಿರಲಿಲ್ಲ. ಸ್ಟೇಷನ್ ಮಾಸ್ತರ್ ಪ್ರಾಥರ್ ಕರಿ ಕೋಟು, ಕರಿ ಹ್ಯಾಟು ಹಾಕಿಕೊಂಡು ನಡೆದೇ ಬರುತ್ತಿದ್ದರು. ಅವರು ಯಾವ ಬೀದಿಗೆ ತಿರುಗುತ್ತಾರೆಂದು ಹೆಂಗಸರೆಲ್ಲ ಪರದೆ ಸರಿಸಿ ನೋಡುತ್ತಿದ್ದೆವು. ಅವತ್ತು ತಿರುಗಿದ್ದು ನಮ್ಮ ಬೀದಿಗೆ. ನನ್ನ ಮನೆ ದಾಟಿದರು. ಅವಳ ಗೇಟು ತೆಗೆದರು.

ಓರ್ಫಾ ಓಡಿಹೋಗಿ ಬಾಗಿಲಿಗೆ ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತಳು. "ಅವ್ರು ಹೇಳೋವರ್ಗೂ ಏನೂ ಆಗಿಲ್ಲ" ಎಂದು ಕಿವಿ ಮುಚ್ಚಿಕೊಂಡಳು.

"ಬಾಗ್ಲು ತೆಗೀರಮ್ಮಾ!" ಪ್ರಾಥರ್ ಬಡಿದೇ ಬಡಿದರು. ನಾನೂ ಅವಳ ಪಕ್ಕದಲ್ಲೇ ಬಾಗಿಲಿಗೆ ಬೆನ್ನು ಕೊಟ್ಟೆ. ಕೊನೆಗೆ ಅವರು ಪಕ್ಕದ ಕಿಟಕಿಗೆ ಬಂದು, ಗಾಜಿಗೆ ಮೂಗೊತ್ತಿ ಕಿರುಚಿದರು:

"ಹಾಲ್ವರ್ ಬದ್ಕಿದಾನೆ ಕಣ್ರಮ್ಮಾ! ಆವಿ ತಾಗಿ ಬಲಗೈ ಸುಟ್ಟಿದೆ, ಅಷ್ಟೇ! ಸಿಳ್ಳೆ ಹಾಕಿದ್ದು ಕಲ್ಲಿದ್ದಲು ಹಾಕೋನು. ಹೆಂಡ್ತಿ ಹೆದರ್ಕೋತಾಳೆ, ಮೊದ್ಲು ಹೋಗಿ ಹೇಳಿ ಅಂತ ಅವ್ನೇ ನನ್ನ ಅಟ್ಟಿದ್ದು!"

ಓರ್ಫಾ ಕಿಟಕಿ ಎತ್ತಿದಳು. "ಅದನ್ನ ಹೇಳಕ್ಕೆ ಆ ಹಾಳು ಹ್ಯಾಟು ಯಾಕ್ರೀ ಹಾಕ್ಕೊಂಡ್ ಬಂದ್ರಿ?"

"ಹಿಮ ಬೀಳ್ತಿದೆಯಲ್ಲಮ್ಮಾ!"

ಅವಳು ಅಳುತ್ತಲೇ ಆಲೂಗಡ್ಡೆ ಒಲೆಗಿಟ್ಟಳು. ಅಂದಿನಿಂದ, ಎಂಥ ಹಿಮ ಸುರಿಯುತ್ತಿದ್ದರೂ, ಒಳ್ಳೆಯ ಸುದ್ದಿ ತರುವವರು ನಮ್ಮೂರಲ್ಲಿ ಬರಿದಲೆಯಲ್ಲೇ ಬರುತ್ತಾರೆ.

ಈಗ ಅದೇ ಹಳಿಯ ಮೇಲೆ ಅವಳ ಮೊಮ್ಮಗ ಗೂಡ್ಸ್ ಓಡಿಸುತ್ತಾನೆ. ಇವತ್ತಿನ ಗಾಡಿ ಇನ್ನೂ ಬಂದಿಲ್ಲ. ನೋಡು, ಕಿಟಕಿಯಲ್ಲೇ ನಿಂತಿದ್ದಾಳೆ. ಪೆನ್ನು ಇಡು ಮಗಾ. ಈ ಸೇಬಿನ ಪೈ ಅವಳಿಗೆ ಕೊಟ್ಟು, ಸ್ವಲ್ಪ ಹೊತ್ತು ಜೊತೆಗೆ ಕೂತಿದ್ದು ಬಾ. ಗೇಟು ಮುಟ್ಟುವ ಮೊದಲು ಟೋಪಿ ತೆಗೆದು ಜೇಬಿಗೆ ತುರುಕಿಕೊ, ಮರೆಯಬೇಡ.